ಸಾಹಿತಿಗಳ ಪತ್ರಗಳ ಕಟ್ಟು ಕೈಗೆ ಬಂದಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ತಾತ ಒಂದು ಸಣ್ಣ ಸಾಹಿತ್ಯ ಪತ್ರಿಕೆ ನಡೆಸುತ್ತಿದ್ದರು. ತಾವೂ ಕಥೆ ಬರೆಯುತ್ತಿದ್ದರು. ಆ ಕಾಲದ ಇಬ್ಬರು ಹೆಸರಾಂತ ಲೇಖಕರು ಅವರಿಗೆ ಬಹಳ ವರ್ಷ ಪತ್ರ ಬರೆದಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಆ ಪತ್ರಗಳ ಟ್ರಂಕು ನನ್ನ ಪಾಲಿಗೆ ಬಂತು. ನೂರಕ್ಕೆ ಸ್ವಲ್ಪ ಕಡಿಮೆ ಇರಬಹುದು. ತಾತ ಅವನ್ನು ದಾರ ಕಟ್ಟಿ ನಾಲ್ಕು ಕಟ್ಟು ಮಾಡಿಟ್ಟಿದ್ದಾರೆ. ಹಾಳೆಗಳು ಹಳದಿಯಾಗಿವೆ. ಕೆಲವು ಮಡಿಸಿದ ಕಡೆ ಸೀಳಿವೆ, ಅಲ್ಲಿ ಯಾರೋ ಟೇಪು ಅಂಟಿಸಿದ್ದಾರೆ. ಗುಂಡುಪಿನ್ನುಗಳು ತುಕ್ಕು ಹಿಡಿದಿವೆ. ಕೆಲವೆಡೆ ಇಂಕು ಮಾಸಿದೆ. ಲ್ಯಾಮಿನೇಷನ್ ಮಾಡಿಸು ಅಂತ ಒಬ್ಬರು, ಸ್ಕ್ಯಾನ್ ಮಾಡಿ ಬಿಸಾಕು ಅಂತ ಇನ್ನೊಬ್ಬರು. ಒಬ್ಬ ಸಂಗ್ರಾಹಕರು 'ಹತ್ತು ಹದಿನೈದು ಒಳ್ಳೆಯ ಪತ್ರ ಆರಿಸಿ ಕೊಡಿ ಸಾಕು, ಒಳ್ಳೆ ಬೆಲೆ ಕೊಡುತ್ತೇನೆ' ಅನ್ನುತ್ತಿದ್ದಾರೆ. ಮಗಳಿಗೆ ಇವನ್ನು ಪುಸ್ತಕ ಮಾಡುವ ಆಸೆ. ಆದರೆ ಕೆಲವು ಪತ್ರಗಳಲ್ಲಿ ಬೇರೆ ಲೇಖಕರ ಬಗ್ಗೆ ಖಾರವಾದ ಮಾತುಗಳಿವೆ, ಒಬ್ಬರ ಸಂಸಾರದ ಜಗಳದ ವಿಷಯವೂ ಇದೆ. ಅವರ ಮಕ್ಕಳು ಈಗಲೂ ಇದ್ದಾರೆ. ಈ ಪತ್ರಗಳು ನಿಜಕ್ಕೂ ನನ್ನವೇ? ಅಸಲಿ ಎಂದು ಹೇಗೆ ತೋರಿಸುವುದು? ಮೊದಲು ಏನು ಮಾಡಲಿ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು. ಆದರೆ ಅವೆಲ್ಲದರ ಹಿಂದೆ ಒಂದೇ ಅಂಜಿಕೆ ಕಾಣುತ್ತಿದೆ: ನಾನು ಏನೋ ಮಾಡಲು ಹೋಗಿ ಇವು ಹಾಳಾದರೆ? ಈ ಅಂಜಿಕೆ ಸರಿಯಾದದ್ದೇ. ಹಳೆಯ ಪತ್ರಗಳ ಜೊತೆ ಕೆಲಸ ಮಾಡುವ ನಮ್ಮಂಥವರ ಮುಂದೆ ಬರುವ ಹಾನಿಯಲ್ಲಿ ದೊಡ್ಡ ಪಾಲು ಹುಳದಿಂದಲೋ ನೀರಿನಿಂದಲೋ ಆದದ್ದಲ್ಲ. ಉಳಿಸಬೇಕು ಅಂತ ಪ್ರೀತಿಯಿಂದ ಕೈಹಾಕಿದವರಿಂದ ಆದದ್ದು. ಹಾಗಾಗಿ ಎಲ್ಲಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಕಟ್ಟು ಒಡೆಯಬೇಡಿ. ಪತ್ರಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಮಾಡಬೇಡಿ. ಲಕೋಟೆಯಿಂದ ಪತ್ರವನ್ನು, ನಾಲ್ಕನೇ ಕಟ್ಟಿನಿಂದ ಮೊದಲನೇ ಕಟ್ಟಿಗೆ, 'ಒಳ್ಳೆಯವು' 'ಸಾಮಾನ್ಯದವು' ಅಂತ, ಯಾವ ರೀತಿಯಲ್ಲೂ. ನನ್ನ ಮಿಕ್ಕ ಸಲಹೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಯಾಕೆ ಅಂತ ಹೇಳುತ್ತೇನೆ. ಪತ್ರ ಅಂದರೆ ಅರ್ಧ ಮಾತುಕತೆ. ಅದರ ಮುಂಚಿನದ್ದು, ನಂತರದ್ದು, ಅದು ಬಂದ ಲಕೋಟೆ, ಅದರ ಜೊತೆ ಮಡಿಸಿಟ್ಟ ಚೀಟಿ, ಓದಿದವರು ಅಂಚಿನಲ್ಲಿ ಎಳೆದ ಗೆರೆ, ಇವೆಲ್ಲ ಸೇರಿ ಅದಕ್ಕೆ ಅರ್ಥ ಬರುತ್ತದೆ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ 1862ರ ಏಪ್ರಿಲ್‌ನಲ್ಲಿ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಎಂಬ ಲೇಖಕರಿಗೆ ಮೊದಲ ಸಲ ಬರೆದರು. ಮುಖಪರಿಚಯವೇ ಇರಲಿಲ್ಲ. ತಮ್ಮ ಕವಿತೆಗಳಲ್ಲಿ ಜೀವ ಇದೆಯೇ ಎಂದು ಕೇಳಿದರು, ನಾಲ್ಕು ಕವಿತೆ ಜೊತೆಗಿಟ್ಟರು. ಆದರೆ ಪತ್ರದ ಕೆಳಗೆ ಸಹಿಯೇ ಇಲ್ಲ. ಹೆಸರನ್ನು ಒಂದು ಸಣ್ಣ ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಆ ಕಾರ್ಡನ್ನು ಇನ್ನೊಂದು ಪುಟ್ಟ ಲಕೋಟೆಯೊಳಗೆ ಹಾಕಿ, ಅದನ್ನು ದೊಡ್ಡ ಲಕೋಟೆಯೊಳಗೆ ಇಟ್ಟಿದ್ದರು. ಈಗ ಯೋಚಿಸಿ. ಯಾರಾದರೂ 'ಮುಖ್ಯವಾದದ್ದು ಪತ್ರ ತಾನೇ' ಅಂತ ಆ ಪುಟ್ಟ ಲಕೋಟೆ, ಕಾರ್ಡು ಎರಡನ್ನೂ ಬಿಸಾಕಿದ್ದರೆ? ಬರೆದವರು ಯಾರು ಅನ್ನುವುದು ಮಾತ್ರ ಅಲ್ಲ, ಅವರು ಎಂಥವರು ಅನ್ನುವುದೂ ಹೋಗಿಬಿಡುತ್ತಿತ್ತು. ತನ್ನ ಹೆಸರು ಹೇಳುವುದಕ್ಕೂ ಅಷ್ಟು ಹಿಂಜರಿಕೆ ಇದ್ದವರು ಡಿಕಿನ್ಸನ್.

ಪತ್ರಾಗಾರಗಳಲ್ಲಿ ಇದು ಹಳೆಯ ನಿಯಮ. ಒಬ್ಬರಿಂದ ಬಂದ ದಾಖಲೆಗಳನ್ನು ಇನ್ನೊಬ್ಬರವುಗಳ ಜೊತೆ ಬೆರೆಸಬಾರದು ಎಂದು ಫ್ರಾನ್ಸ್ 1841ರಲ್ಲೇ ತನ್ನ ಪತ್ರಾಗಾರಗಳಿಗೆ ಸೂಚನೆ ಕೊಟ್ಟಿತ್ತು. ಬಂದ ಕ್ರಮದಲ್ಲೇ ಇಡಬೇಕು ಅನ್ನುವ ನಿಯಮವೂ ಆಮೇಲೆ ಅದರ ಜೊತೆ ಸೇರಿಕೊಂಡಿತು. ನಿಮ್ಮ ತಾತ ನಾಲ್ಕು ಕಟ್ಟು ಮಾಡಿದ್ದಾರೆ ಅಂದರೆ ಅವರಿಗೆ ಏನೋ ಲೆಕ್ಕ ಇತ್ತು. ಇಸವಿ ಪ್ರಕಾರ ಇರಬಹುದು, ಪತ್ರಿಕೆಯ ಕೆಲಸ ಒಂದು ಕಡೆ, ಸ್ನೇಹದ ಮಾತು ಇನ್ನೊಂದು ಕಡೆ ಇರಬಹುದು. ಆ ಲೆಕ್ಕ ನಮಗೆ ಈಗ ತಿಳಿಯದಿದ್ದರೂ ಪರವಾಗಿಲ್ಲ. ಕಟ್ಟು ಹಾಗೇ ಇದ್ದರೆ ಮುಂದೆ ಯಾರಾದರೂ ಕಂಡುಕೊಳ್ಳುತ್ತಾರೆ. ಒಮ್ಮೆ ಕಲಸಿದರೆ ಯಾರಿಂದಲೂ ಆಗುವುದಿಲ್ಲ.

ಇನ್ನು ಜನ ಹೇಳುತ್ತಿರುವ ಉಪಾಯಗಳಿಗೆ ಬರೋಣ.

ಲ್ಯಾಮಿನೇಷನ್ ಖಂಡಿತ ಬೇಡ. ಅಂಗಡಿಯ ಯಂತ್ರದಲ್ಲಿ ಪ್ಲಾಸ್ಟಿಕ್ ಹಾಳೆಯ ಗೋಂದು ಬಿಸಿಗೆ ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಆಮೇಲೆ ಅದನ್ನು ಬಿಡಿಸಲು ಹೋದರೆ ಇಂಕಿನ ಸಮೇತ ಕಾಗದವೂ ಕಿತ್ತು ಬರುತ್ತದೆ. ಜೊತೆಗೆ ಕಾಗದದೊಳಗಿನ ಹುಳಿ ಅಂಶ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೆಲಸ ಮುಂದುವರಿಸುತ್ತದೆ. ಹಿಂದೆ ಪತ್ರಾಗಾರಗಳೇ ಇದನ್ನು ಮಾಡಿದ್ದವು ಅನ್ನುವುದು ನಿಜ. 1930ರ ದಶಕದಿಂದ ಹಲವು ದಶಕ ಸೆಲ್ಯುಲೋಸ್ ಅಸಿಟೇಟ್ ಎಂಬ ತೆಳುಹಾಳೆ ಹಚ್ಚಿ ದಾಖಲೆಗಳನ್ನು ಭದ್ರ ಮಾಡುತ್ತಿದ್ದರು. ಕಾಲ ಕಳೆದಂತೆ ಆ ಹಾಳೆಯೇ ಕೆಡತೊಡಗಿತು, ವಿನೆಗರ್ ವಾಸನೆ ಬರತೊಡಗಿತು. ಆ ಪದ್ಧತಿಯನ್ನು ಕೈಬಿಟ್ಟರು. ಈಗ ಬಹಳ ದುರ್ಬಲವಾದ ಹಾಳೆಯನ್ನು ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು ಅಂಚು ಮಾತ್ರ ಮುಚ್ಚುತ್ತಾರೆ. ಕಾಗದಕ್ಕೆ ಏನೂ ಅಂಟುವುದಿಲ್ಲ, ಬೇಕಾದಾಗ ಕತ್ತರಿಸಿ ತೆಗೆಯಬಹುದು. ಅದೂ ಎಲ್ಲಕ್ಕೂ ಆಗಿಬರುವುದಿಲ್ಲ. ಪೆನ್ಸಿಲ್‌ನಲ್ಲಿ ಬರೆದದ್ದಿದ್ದರೆ ಪ್ಲಾಸ್ಟಿಕ್ ಹಾಳೆ ಆ ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು ಅನ್ನುವುದು ಸಿನಿಮಾ, ಟಿವಿಯಿಂದ ಬಂದ ನಂಬಿಕೆ. ಕಾಗದಕ್ಕೆ ಅದು ಬೇಡ. ಗ್ಲೌಸ್ ಹಾಕಿದರೆ ಬೆರಳಿಗೆ ಹಾಳೆಯ ಅಂಚು ಗೊತ್ತಾಗುವುದಿಲ್ಲ, ಸೀಳಿದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಕ್ರೀಮು, ಎಣ್ಣೆ ಹಚ್ಚಿರಬಾರದು ಅಷ್ಟೇ.

ನುಸಿಗುಳಿಗೆಯನ್ನೂ ಬಿಡಿ. ಅದರ ಹಬೆ ಮನುಷ್ಯರಿಗೂ ಒಳ್ಳೆಯದಲ್ಲ, ಹುಳದ ಮೂಲಕಾರಣಕ್ಕೆ ಅದು ಮದ್ದೂ ಅಲ್ಲ. ಹುಳ ಬರುವುದು ತೇವಕ್ಕೆ, ಕಾಗದದ ಮೇಲಿನ ಗಂಜಿ ಮತ್ತು ಗೋಂದಿನ ಆಸೆಗೆ. ತೇವ ತಪ್ಪಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಹಾಳೆ ಹಳದಿಯಾಗುವುದು ಯಾಕೆ? ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಕಾಗದವನ್ನು ಹೆಚ್ಚಾಗಿ ಹಳೆಯ ಹತ್ತಿ ಮತ್ತು ನಾರುಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. ಆಮೇಲೆ ಮರದ ತಿರುಳು ಬಂತು. ಮರದಲ್ಲಿ ಲಿಗ್ನಿನ್ ಎಂಬ ಅಂಶ ಇರುತ್ತದೆ. ಅದನ್ನು ಪೂರ್ತಿ ತೆಗೆಯದೆ ಮಾಡಿದ ಅಗ್ಗದ ಕಾಗದ ಬೆಳಕು, ಗಾಳಿಗೆ ಹಳದಿ ತಿರುಗುತ್ತದೆ. ಇಂಕು ಹರಡದಿರಲಿ ಅಂತ ಕಾಗದಕ್ಕೆ ಹಾಕುತ್ತಿದ್ದ ಪಟಿಕ ಮತ್ತು ರಾಳ ನಿಧಾನಕ್ಕೆ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ನಾರುಗಳನ್ನು ತುಂಡುತುಂಡು ಮಾಡುತ್ತದೆ. ಹಾಗಾಗಿಯೇ ಇನ್ನೂರೈವತ್ತು ವರ್ಷದ ಪತ್ರ ಮೆತ್ತಗೆ ಬಾಗುತ್ತದೆ, ಎಪ್ಪತ್ತು ವರ್ಷದ್ದು ಮಡಿಸಿದಲ್ಲೇ ಮುರಿಯುತ್ತದೆ. ಇದು ನಿಮ್ಮ ಮನೆಯವರ ಅಜಾಗರೂಕತೆ ಅಲ್ಲ. ಕಾಗದ ಹುಟ್ಟುವಾಗಲೇ ಹೊತ್ತು ತಂದ ಕಾಯಿಲೆ. ವಾಸಿ ಮಾಡುವುದು ಕಷ್ಟ, ನಿಧಾನ ಮಾಡಬಹುದು. ತಂಪು, ಕತ್ತಲೆ, ಹದವಾದ ಒಣ ಗಾಳಿ, ಇಷ್ಟೇ ಮದ್ದು.

ಇಂಕಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಪತ್ರಗಳಲ್ಲಿ ಬಹಳ ಸಿಗುವುದು ಕಬ್ಬಿಣದ ಲವಣ ಮತ್ತು ಮರದ ಒಗರು ಸೇರಿಸಿ ಮಾಡಿದ ಶಾಯಿ. ಬರೆದಾಗ ಕಪ್ಪು, ವರ್ಷ ಕಳೆದಂತೆ ಕಂದು. ಅದರಲ್ಲಿ ಆಮ್ಲವೂ ಇದೆ, ಬಿಡಿ ಕಬ್ಬಿಣವೂ ಇದೆ. ಒತ್ತಿ ಬರೆದ ಅಕ್ಷರ ಇದ್ದಲ್ಲಿ ಶಾಯಿಯೇ ಕಾಗದವನ್ನು ಸುಟ್ಟಂತೆ ತಿಂದು ತೂತು ಮಾಡುತ್ತದೆ. ತೇವ ತಗುಲಿದರೆ ಇದು ಜೋರಾಗುತ್ತದೆ. ಇಪ್ಪತ್ತನೇ ಶತಮಾನದ ಪೌಂಟನ್ ಪೆನ್ನಿನ ಇಂಕು ಬೇರೆ ಜಾತಿ. ಅದರಲ್ಲಿ ಬಹಳಷ್ಟು ಬರೀ ಬಣ್ಣ, ಒಂದು ಹನಿ ನೀರಿಗೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ಇನ್ನೊಂದು ಇದೆ, ಜನ ಮೋಸ ಹೋಗುವುದು ಇಲ್ಲೇ: ನೋಡಲು ಸಾಮಾನ್ಯ ಪೆನ್ಸಿಲ್ ಥರ ಬೂದು ಬಣ್ಣ, ಒದ್ದೆ ಬೆರಳು ತಾಗಿತೋ ಕಡು ನೇರಳೆ. ಅದಕ್ಕೆ ಕಾಪಿಯಿಂಗ್ ಪೆನ್ಸಿಲ್ ಅನ್ನುತ್ತಿದ್ದರು, ಅದರ ಕಡ್ಡಿಯಲ್ಲಿ ಬಣ್ಣ ಬೆರೆಸಿರುತ್ತಿದ್ದರು. ಹಾಗಾಗಿ ಯಾವ ಪತ್ರವನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಇಸ್ತ್ರಿ ಮಾಡಬೇಡಿ. ಮಾಸಿದ ಅಕ್ಷರದ ಮೇಲೆ ಪೆನ್ನಿನಿಂದ ತಿದ್ದುವುದಂತೂ ಬೇಡವೇ ಬೇಡ. ಮಾಸಿದ ಕಬ್ಬಿಣದ ಶಾಯಿಯನ್ನು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಫೋಟೋ ತೆಗೆದರೆ ಅಕ್ಷರ ಎಷ್ಟೋ ಸಲ ಕಪ್ಪಾಗಿ ಎದ್ದು ಬರುತ್ತದೆ. ಕಣ್ಣಿಗೆ ಕಾಣದ್ದು ಹೋಗಿಬಿಟ್ಟಿದೆ ಅಂತ ಅಲ್ಲ.

ಈಗ ನೀವು ಕೈಯಾರೆ ಮಾಡಬಹುದಾದ ಕೆಲಸ. ದೊಡ್ಡ, ಸ್ವಚ್ಛ, ಒಣಗಿದ ಮೇಜು ಬೇಕು. ಕಾಫಿ, ನೀರು, ಬಾಲ್‌ಪೆನ್ ಯಾವುದೂ ಅದರ ಮೇಲೆ ಇರಬಾರದು. ದಾರ ಬಿಚ್ಚುವ ಮೊದಲು ಪ್ರತಿ ಕಟ್ಟಿನ ಫೋಟೋ ಎಲ್ಲಾ ಮಗ್ಗುಲಿಂದ ತೆಗೆಯಿರಿ. ದಾರದ ಗಂಟು, ಮೇಲೆ ಸಿಕ್ಕಿಸಿದ ಚೀಟಿ ಎಲ್ಲ ಬರಲಿ. ಒಂದು ಸಲಕ್ಕೆ ಒಂದೇ ಕಟ್ಟು ಬಿಚ್ಚಿ. ಮೇಲಿನಿಂದ ಒಂದೊಂದಾಗಿ ತೆಗೆದು ನಂಬರ್ ಕೊಡಿ: ಕಟ್ಟು 1, ಪತ್ರ 1, ಹೀಗೆ. ನಂಬರನ್ನು ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ, ಸಣ್ಣದಾಗಿ ಬರೆಯಿರಿ. ಹಾಳೆ ಪುಡಿಯಾಗುವ ಹಾಗಿದ್ದರೆ ಅದರ ಮೇಲೆ ಬರೆಯುವುದೇ ಬೇಡ, ಇಡುವ ಕವರಿನ ಮೇಲೆ ಬರೆದರಾಯಿತು. ಲಕೋಟೆಗೂ ಪತ್ರಕ್ಕೂ ಒಂದೇ ನಂಬರ್.

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ತುಕ್ಕು ಪಿನ್ನನ್ನು ಕಾಗದಕ್ಕೆ ಕಚ್ಚಿಸಿರುತ್ತದೆ. ಪಿನ್ನಿಗೂ ಹಾಳೆಗೂ ನಡುವೆ ಒಂದು ತೆಳುವಾದ ಪ್ಲಾಸ್ಟಿಕ್ ಚೂರನ್ನು ಮೆಲ್ಲಗೆ ತೂರಿಸಿ. ಪಿನ್ನು ಸಡಿಲವಾದ ಮೇಲೆ ಹಾಳೆಯನ್ನು ಒಂದು ಕೈಯಲ್ಲಿ ಚಪ್ಪಟೆಯಾಗಿ ಒತ್ತಿ ಹಿಡಿದು, ಪಿನ್ನನ್ನು ಬಂದ ದಾರಿಯಲ್ಲೇ ಜಾರಿಸಿ. ಬರಲಿಲ್ಲವಾ, ಬಿಟ್ಟುಬಿಡಿ. ಯಾವ ಹಾಳೆಗಳು ಒಂದೇ ಪಿನ್ನಿನಲ್ಲಿದ್ದವು ಅನ್ನುವುದನ್ನು ಬರೆದಿಡಿ. ಅದೂ ಒಂದು ಮಾಹಿತಿಯೇ. ಮಡಿಸಿದ ಪತ್ರ ತಾನಾಗಿ ಬಿಚ್ಚಿಕೊಂಡರೆ ಬಿಚ್ಚಿಡಿ. ಬಿಗಿಯಾಗಿದ್ದರೆ ಒತ್ತಾಯ ಬೇಡ. ಟೇಪನ್ನು ಮುಟ್ಟಲೇಬೇಡಿ. ಅದರ ಗೋಂದು ಕಾಗದಕ್ಕೆ ಎಣ್ಣೆಯಂತೆ ಇಳಿದು ಕಂದು ಕಲೆಯಾಗಿರುತ್ತದೆ, ಮೇಲಿನ ಪಟ್ಟಿ ಕಿತ್ತರೆ ಅಕ್ಷರವೂ ಕಿತ್ತುಹೋಗುತ್ತದೆ. ಅದು ಕಾಗದ ಸಂರಕ್ಷಣೆ ಕಲಿತವರ ಕೆಲಸ. ಅವರು ಸೀಳಿದ್ದನ್ನು ಜೋಡಿಸುವುದು ಜಪಾನಿನ ತೆಳು ನಾರುಕಾಗದ ಮತ್ತು ಗೋಧಿಗಂಜಿಯಿಂದ. ಬೇಕೆಂದಾಗ ನೀರಿನಿಂದಲೇ ಬಿಡಿಸಬಹುದು ಅನ್ನುವುದೇ ಅದರ ಗುಣ.

ಪತ್ರಗಳನ್ನು ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ ಇಟ್ಟು, ಫೋಲ್ಡರುಗಳನ್ನು ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಪೆಟ್ಟಿಗೆ ಇರಬೇಕಾದದ್ದು ಮನೆಯ ಒಳಕೋಣೆಯ ಕಪಾಟಿನಲ್ಲಿ. ಅಟ್ಟ ಬೇಡ, ನೆಲವೂ ಬೇಡ, ಹೊರಗೋಡೆಗೆ ತಾಗಿಸಿಯೂ ಬೇಡ. ಗಾಳಿಯ ತೇವಾಂಶ ಶೇಕಡಾ 35ರಿಂದ 55ರ ಒಳಗಿದ್ದರೆ ಚೆನ್ನ. 65 ದಾಟಿದರೆ ಬೂಷ್ಟು ಬರುವ ಅಪಾಯ. ಒಂದು ಸಣ್ಣ ತೇವಮಾಪಕ ಪೆಟ್ಟಿಗೆಯ ಪಕ್ಕ ಇಡಿ. ದಿನವೂ ಏರಿಳಿತ ಜಾಸ್ತಿ ಆಗುವುದು ಸ್ವಲ್ಪ ಹೆಚ್ಚಿನ ಸೆಕೆಗಿಂತ ಕೆಟ್ಟದ್ದು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಆಸೆ ಇದ್ದರೆ ಒಳ್ಳೆಯ ಬಣ್ಣದ ಪ್ರತಿಯನ್ನು ತೂಗುಹಾಕಿ.

'ಸ್ಕ್ಯಾನ್ ಮಾಡಿ ಬಿಸಾಕು' ಅಂದವರಿಗೆ ಏನು ಹೇಳುವುದು? ಸ್ಕ್ಯಾನ್ ಅಂತೂ ಮಾಡಲೇಬೇಕು. ಅಸಲನ್ನು ಪದೇ ಪದೇ ಮುಟ್ಟುವುದು ತಪ್ಪುತ್ತದೆ, ಬೆಂಕಿ ನೀರು ಬಂದರೆ ಮಾತಾದರೂ ಉಳಿಯುತ್ತದೆ. ಹಾಳೆಯ ಎರಡೂ ಬದಿ, ಖಾಲಿ ಇದ್ದರೂ ಸರಿ, ಲಕೋಟೆಯ ಎರಡೂ ಬದಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಬಣ್ಣದಲ್ಲೇ ತೆಗೆಯಿರಿ. ಇಂಚಿಗೆ 400 ಚುಕ್ಕಿಯಷ್ಟು ವಿವರ ಇರಲಿ. ಹಾಳೆಯನ್ನು ಎಳೆದುಕೊಳ್ಳುವ ಸ್ಕ್ಯಾನರ್ ಬಳಸಬೇಡಿ. ಕಡತಕ್ಕೆ ಪತ್ರದ ನಂಬರನ್ನೇ ಹೆಸರಾಗಿ ಕೊಡಿ. ಮೂರು ಪ್ರತಿ ಮಾಡಿ, ಒಂದಾದರೂ ಬೇರೆ ಊರಲ್ಲಿರಲಿ.

ಆದರೆ ನಕಲು ಅಸಲಿನ ಜಾಗ ತುಂಬುವುದಿಲ್ಲ. ರವೀಂದ್ರನಾಥ ಟಾಗೋರರು ಅಣ್ಣನ ಮಗಳು ಇಂದಿರಾದೇವಿಗೆ ಬರೆದ ಪತ್ರಗಳ ಕಥೆ ನೋಡಿ. ಇಂದಿರಾದೇವಿ ಆ ಪತ್ರಗಳಿಂದ ತಮಗೆ ಬೇಕೆನಿಸಿದ್ದನ್ನು ಎರಡು ಪುಸ್ತಕಗಳಲ್ಲಿ ಕೈಯಾರೆ ನಕಲು ಮಾಡಿದರು. ಖಾಸಗಿ ಅನಿಸಿದ ಭಾಗಗಳನ್ನು ಬಿಟ್ಟರು. ಅವನ್ನೇ ಆಧರಿಸಿ, ಟಾಗೋರರು ಇನ್ನಷ್ಟು ಕತ್ತರಿಸಿ, 1912ರಲ್ಲಿ 'ಛಿನ್ನಪತ್ರ' ಪ್ರಕಟವಾಯಿತು. ಆ ನಕಲು ಪುಸ್ತಕಗಳಿಲ್ಲದಿದ್ದರೆ ನದಿ, ದೋಣಿ, ಹಳ್ಳಿಯ ಬಗೆಗಿನ ಆ ಅದ್ಭುತ ಗದ್ಯ ನಮಗೆ ಸಿಗುತ್ತಲೇ ಇರಲಿಲ್ಲ. ಇಂದಿರಾದೇವಿಯ ಶ್ರಮ ದೊಡ್ಡದು. ಆದರೆ ಅವರು ಬಿಟ್ಟದ್ದು ಏನು ಅನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಸ್ಕ್ಯಾನ್ ಏನನ್ನೂ ಬಿಡುವುದಿಲ್ಲವಲ್ಲ ಅನ್ನಬಹುದು. ಬಿಡುತ್ತದೆ. ಬೆಳಕಿಗೆ ಹಿಡಿದರೆ ಕಾಣುವ, ಕಾಗದದೊಳಗಿನ ನೀರುಗುರುತು (ವಾಟರ್‌ಮಾರ್ಕ್), ಪೆನ್ನು ಒತ್ತಿದ ತಗ್ಗು, ಅಳಿಸಿದ ಸಾಲಿನ ಕೆಳಗಿನ ಗುರುತು, ಇವೆಲ್ಲ ನೋಡಬೇಕಾದರೆ ಅಸಲೇ ಬೇಕು.

ಅಸಲಿ ಎಂದು ತೋರಿಸುವುದಕ್ಕೂ ಅದೇ ಬೇಕು. ಕೈಬರಹ ಹೋಲಿಸಿದರೆ ಸಾಕು ಅಂತ ಜನ ತಿಳಿಯುತ್ತಾರೆ. ಕೈಬರಹವೇ ನಕಲಿಗಾರರು ಮೊದಲು ಕಲಿಯುವುದು. 1852ರಲ್ಲಿ ಲಂಡನ್‌ನಲ್ಲಿ ಕವಿ ಶೆಲ್ಲಿಯ ಪತ್ರಗಳ ಪುಸ್ತಕವೊಂದು ಬಂತು, ಮುನ್ನುಡಿ ಬರೆದವರು ಹೆಸರಾಂತ ಕವಿ ರಾಬರ್ಟ್ ಬ್ರೌನಿಂಗ್. ಶೆಲ್ಲಿ ಸತ್ತದ್ದು 1822ರಲ್ಲಿ. ಒಂದು ಪತ್ರದಲ್ಲಿದ್ದ ಮಾತುಗಳು ಅವರು ಸತ್ತ ಎಷ್ಟೋ ವರ್ಷದ ಮೇಲೆ ಅಚ್ಚಾದ ಒಂದು ಲೇಖನದಲ್ಲಿ ಹಾಗೆ ಹಾಗೇ ಇರುವುದು ಪತ್ತೆಯಾಯಿತು. ಪ್ರಕಾಶಕರು ಪುಸ್ತಕ ಹಿಂತೆಗೆದುಕೊಂಡರು. ಬ್ರೌನಿಂಗ್‌ರಂಥವರನ್ನೂ ನಂಬಿಸಿದ್ದ ಪತ್ರಗಳನ್ನು ಬಯಲು ಮಾಡಿದ್ದು ಅವುಗಳ ಒಳಗಿನ ಮಾತು. 1990ರ ದಶಕದ ಮೊದಲಲ್ಲಿ ಅಮೆರಿಕದ ಲೇಖಕಿ ಲೀ ಇಸ್ರೇಲ್ ತೀರಿಹೋದ ಲೇಖಕರ ಹೆಸರಲ್ಲಿ ಸುಮಾರು 400 ಪತ್ರ ಸೃಷ್ಟಿಸಿ ಮಾರಿದರು. ಅವೆಲ್ಲ ಬಿಡಿ ಬಿಡಿ ಪತ್ರಗಳಾಗಿಯೇ ಮಾರುಕಟ್ಟೆಗೆ ಬಂದದ್ದು.

ನಿಮ್ಮ ಕಡೆ ಇರುವುದು ಬಿಡಿ ಪತ್ರಗಳಲ್ಲ, ಅದೇ ನಿಮ್ಮ ಬಲ. ಒಂದೇ ಮನೆಯಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಬಂದ ನೂರರಷ್ಟು ಪತ್ರಗಳು. ಒಂದಕ್ಕೆ ಇನ್ನೊಂದು ಸಾಕ್ಷಿ ಹೇಳುತ್ತದೆ. ಅಂಚೆಮುದ್ರೆಯ ತಾರೀಕು ಪತ್ರದ ತಾರೀಕಿಗೆ ಹೊಂದುತ್ತದೆ, ಅದರಲ್ಲಿ ಕಳಿಸುತ್ತೇನೆ ಅಂದ ಕಥೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಅಚ್ಚಾಗಿದೆ. ಇಂಥದ್ದನ್ನು ಯಾವ ನಕಲಿಗಾರನೂ ಹೆಣೆಯಲಾರ. ಅನುಮಾನ ಬಂದರೆ ಒಂದು ಸರಳ ಪರೀಕ್ಷೆಯೂ ಇದೆ. 1950ರ ಆಸುಪಾಸಿನಿಂದ ಕಾಗದವನ್ನು ಬೆಳ್ಳಗೆ ಕಾಣಿಸಲು ಹೊಳಪಿನ ರಾಸಾಯನಿಕ ಸೇರಿಸತೊಡಗಿದರು. ಅದು ಅಲ್ಟ್ರಾವಯಲೆಟ್ ದೀಪದಲ್ಲಿ ನೀಲಿಯಾಗಿ ಹೊಳೆಯುತ್ತದೆ. 1930ರ ತಾರೀಕಿನ ಪತ್ರದ ಕಾಗದ ಹಾಗೆ ಹೊಳೆದರೆ ಏನೋ ಎಡವಟ್ಟಿದೆ ಅಂತಲೇ ಅರ್ಥ.

ಈಗ 'ಇವು ನನ್ನವೇ' ಎಂಬ ಪ್ರಶ್ನೆ. ಉತ್ತರ ಎರಡು ಭಾಗ. ಹಾಳೆ ನಿಮ್ಮದು, ಮಾತು ನಿಮ್ಮದಲ್ಲ. ಈ ಭೇದ ಹುಟ್ಟಿದ್ದೇ ಇಬ್ಬರು ಸಾಹಿತಿಗಳ ಪತ್ರಗಳ ಜಗಳದಲ್ಲಿ. ಕವಿ ಅಲೆಕ್ಸಾಂಡರ್ ಪೋಪ್ ಮತ್ತು ಜೊನಾಥನ್ ಸ್ವಿಫ್ಟ್ ಪರಸ್ಪರ ಬರೆದ ಪತ್ರಗಳನ್ನು ಎಡ್ಮಂಡ್ ಕರ್ಲ್ ಎಂಬ ಪ್ರಕಾಶಕ ಅಚ್ಚು ಹಾಕಿದ. ಪೋಪ್ ಕೋರ್ಟಿಗೆ ಹೋದರು. 1741ರಲ್ಲಿ ನ್ಯಾಯಾಧೀಶ ಹಾರ್ಡ್‌ವಿಕ್ ಹೇಳಿದ್ದು: ಪತ್ರ ಪಡೆದವನಿಗೆ ಕಾಗದದ ಮೇಲೆ ಹಕ್ಕಿರಬಹುದು, ಅದನ್ನು ಜಗತ್ತಿಗೆ ಪ್ರಕಟಿಸುವ ಹಕ್ಕು ಅದರ ಜೊತೆ ಬರುವುದಿಲ್ಲ. ಪೋಪ್ ಬರೆದ ಪತ್ರಗಳ ಮಾರಾಟಕ್ಕೆ ಮಾತ್ರ ತಡೆ ಸಿಕ್ಕಿತು. ಸ್ವಿಫ್ಟ್ ಪೋಪ್‌ಗೆ ಬರೆದವುಗಳಿಗೆ ಸಿಗಲಿಲ್ಲ, ಯಾಕೆಂದರೆ ಆ ಮಾತು ಪೋಪ್‌ರದಲ್ಲ. ಇವತ್ತಿಗೂ ಹೆಚ್ಚಿನ ದೇಶಗಳ ಕಾಪಿರೈಟ್ ಕಾನೂನು ಈ ದಾರಿಯಲ್ಲೇ ನಡೆಯುತ್ತದೆ. 1987ರಲ್ಲಿ ಕಾದಂಬರಿಕಾರ ಜೆ. ಡಿ. ಸ್ಯಾಲಿಂಜರ್ ತಮ್ಮ ಜೀವನಚರಿತ್ರೆ ಬರೆಯುತ್ತಿದ್ದವರ ಮೇಲೆ ಅಮೆರಿಕದಲ್ಲಿ ಕೇಸು ಗೆದ್ದದ್ದೂ ಹೀಗೇ. ಪತ್ರಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿದ್ದವು, ಯಾರು ಬೇಕಾದರೂ ಹೋಗಿ ಓದಬಹುದಿತ್ತು. ಆದರೂ ಅವುಗಳಿಂದ ಧಾರಾಳವಾಗಿ ಎತ್ತಿ ಅಚ್ಚುಹಾಕುವಂತಿರಲಿಲ್ಲ.

ಹಾಗಾಗಿ ನಿಮ್ಮ ಮಗಳ ಪುಸ್ತಕಕ್ಕೆ ಆ ಇಬ್ಬರು ಲೇಖಕರ ವಾರಸುದಾರರ ಲಿಖಿತ ಒಪ್ಪಿಗೆ ಬೇಕು. ಕಾಪಿರೈಟ್ ಅವಧಿ ಬಹಳ ದೇಶಗಳಲ್ಲಿ ಲೇಖಕರು ತೀರಿಕೊಂಡ ಮೇಲೆ 70 ವರ್ಷ, ಭಾರತದಲ್ಲಿ 60. ಲೇಖಕರು ತೀರಿಕೊಂಡ ನಂತರ ಮೊದಲ ಸಲ ಪ್ರಕಟವಾಗುವ ಬರಹಕ್ಕೆ ಭಾರತದ ಕಾನೂನಿನಲ್ಲಿ ಲೆಕ್ಕ ಬೇರೆ. ಅಲ್ಲಿ ಅವಧಿ ಶುರುವಾಗುವುದು ಪ್ರಕಟಣೆಯಿಂದ. ಅಂದರೆ 'ಅವರು ತೀರಿಹೋಗಿ ಬಹಳ ಕಾಲವಾಯಿತು' ಅಂತ ನಿಶ್ಚಿಂತರಾಗುವಂತಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಸಾಮಾಜಿಕ ಜಾಲತಾಣಕ್ಕೆ ಹಾಕುವುದೂ ಪ್ರಕಟಣೆಯೇ ಎಂದು ತಿಳಿದುಕೊಳ್ಳಿ. ನಿಮ್ಮ ತಾತ ಬರೆದ ಪತ್ರಗಳ ಮಾತಿನ ಹಕ್ಕು ಮಾತ್ರ ನಿಮ್ಮ ಕುಟುಂಬದ್ದು. ಒಪ್ಪಿಗೆ ಕೇಳಲು ಹಿಂಜರಿಯಬೇಡಿ. ಗೌರವದಿಂದ ಕೇಳಿದರೆ ಬಹಳಷ್ಟು ಕುಟುಂಬಗಳು ಸಂತೋಷದಿಂದ ಕೊಡುತ್ತವೆ. ತಮ್ಮವರು ಹೀಗೆಲ್ಲ ಬರೆದಿದ್ದರು ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಖಾರವಾದ ಮಾತುಗಳ ವಿಷಯದಲ್ಲಿ ನಿಮ್ಮ ಸಂಕೋಚ ನನಗೆ ಬಹಳ ಹಿಡಿಸಿತು. ಆ ಮಕ್ಕಳಿಗೆ ನೋವಾಗಬಾರದು ಅನ್ನುವುದು ಸರಿ. ಆದರೆ ಅದಕ್ಕಾಗಿ ಪತ್ರ ಹರಿಯುವುದು, ಸಾಲಿಗೆ ಮಸಿ ಬಳಿಯುವುದು ಬೇಡ. ಡಿಕಿನ್ಸನ್ ತಮ್ಮ ಅಣ್ಣನಿಗೆ ಬರೆದ ಪತ್ರಗಳಲ್ಲಿ ಅತ್ತಿಗೆ ಸೂಸನ್ ಬಗ್ಗೆ ಇದ್ದ ಪ್ರೀತಿಯ ಮಾತುಗಳನ್ನು ಆಮೇಲೆ ಯಾರೋ ಅಳಿಸಿದರು, ಕತ್ತರಿಸಿದರು. ಇಂದಿಗೂ ಪಂಡಿತರು ಆ ಜಾಗಗಳನ್ನೇ ಕೆದಕುತ್ತಿದ್ದಾರೆ. ಮುಚ್ಚಿಟ್ಟದ್ದೇ ಎಲ್ಲಕ್ಕಿಂತ ಜಾಸ್ತಿ ಮಾತಾಯಿತು. ಇದಕ್ಕಿಂತ ಒಳ್ಳೆಯ ದಾರಿ ಇದೆ. ಗಡುವು ಹಾಕಿ ಮುಚ್ಚಿಡುವುದು. ಕವಿ ಟಿ. ಎಸ್. ಎಲಿಯಟ್ ಎಮಿಲಿ ಹೇಲ್ ಎಂಬುವರಿಗೆ ಬರೆದ 1131 ಪತ್ರಗಳನ್ನು ಹೇಲ್ 1956ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಇಬ್ಬರೂ ತೀರಿಕೊಂಡು 50 ವರ್ಷ ಆಗುವ ತನಕ ತೆರೆಯಬಾರದು ಎಂಬ ಷರತ್ತಿತ್ತು. 2020ರ ಜನವರಿಯಲ್ಲಿ ತೆರೆದರು. ಅಷ್ಟು ವರ್ಷ ಗ್ರಂಥಾಲಯ ಮಾತು ಉಳಿಸಿಕೊಂಡಿತು. ನೀವೂ ಆ ನಾಲ್ಕಾರು ಪತ್ರಗಳನ್ನು ಬೇರೆ ಕವರಿನಲ್ಲಿ ಹಾಕಿ, ಅವುಗಳ ಜಾಗದಲ್ಲಿ 'ಇಂಥ ನಂಬರಿನ ಪತ್ರ ಇಂಥ ವರ್ಷದ ತನಕ ಮುಚ್ಚಿದೆ' ಎಂಬ ಚೀಟಿ ಇಡಬಹುದು. ಕಟ್ಟು ಒಡೆದಂತಾಗುವುದಿಲ್ಲ. ಪುಸ್ತಕದಲ್ಲಿ ಸದ್ಯಕ್ಕೆ ಬಿಟ್ಟರೆ, ಬಿಟ್ಟಿದ್ದೇವೆ ಎಂದು ಮುನ್ನುಡಿಯಲ್ಲಿ ಹೇಳಿಬಿಡಿ.

ಮಾರುವುದೋ, ಇಟ್ಟುಕೊಳ್ಳುವುದೋ, ಕೊಡುವುದೋ? ಮಾರುವುದು ತಪ್ಪಲ್ಲ. ಹಣದ ಅಗತ್ಯ ಯಾರಿಗಿಲ್ಲ? ಆದರೆ 'ಒಳ್ಳೆಯ ಹದಿನೈದು' ಮಾರಬೇಡಿ. ಇಂಗ್ಲಿಷ್ ಕವಿ ಕೀಟ್ಸ್ ತಮ್ಮ ಪ್ರೇಯಸಿ ಫ್ಯಾನಿ ಬ್ರಾನ್‌ಗೆ ಬರೆದ ಪತ್ರಗಳನ್ನು 1885ರಲ್ಲಿ ಲಂಡನ್‌ನಲ್ಲಿ ಹರಾಜು ಹಾಕಿದರು. ಒಂದು ಕಡೆ ಇದ್ದವು ಒಬ್ಬೊಬ್ಬರ ಪಾಲಾಗಿ ಚದುರಿದವು. ಆಸ್ಕರ್ ವೈಲ್ಡ್ ನೊಂದು ಅದರ ಮೇಲೆ ಒಂದು ಕವಿತೆಯನ್ನೇ ಬರೆದರು. ನಿಮ್ಮಲ್ಲಿ ಆ ಹದಿನೈದು ಹೋದರೆ ಉಳಿದ ಎಂಬತ್ತಕ್ಕೆ ಬೆಲೆಯೂ ಇಳಿಯುತ್ತದೆ, ಅರ್ಥವೂ ಇಳಿಯುತ್ತದೆ. 'ಕಥೆ ತಲುಪಿತು, ಪ್ರೂಫ್ ಬೇಗ ಕಳಿಸಿ' ಎಂಬ ಎರಡು ಸಾಲಿನ ಕಾರ್ಡು ಸಂಗ್ರಾಹಕರಿಗೆ ಬೇಡದ್ದು. ಆದರೆ ಆ ಕಥೆ ಯಾವಾಗ ಬರೆದದ್ದು ಅನ್ನುವುದಕ್ಕೆ ಅದೊಂದೇ ಪುರಾವೆ ಇರಬಹುದು. ಮಾರುವುದೇ ಆದರೆ ಪೂರ್ತಿ ಸಂಗ್ರಹವನ್ನು ಒಟ್ಟಿಗೆ, ಸಾಧ್ಯವಾದರೆ ಒಂದು ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಮಾರಿ. ದೊಡ್ಡ ಸಂಸ್ಥೆಗಳು ಹಣ ಕೊಟ್ಟೂ ತೆಗೆದುಕೊಳ್ಳುತ್ತವೆ. ಮಾರುವ ಮೊದಲು ಹಳೆಯ ಹಸ್ತಪ್ರತಿಗಳ ಬಗ್ಗೆ ನಿಮ್ಮ ದೇಶದ ಕಾನೂನು ನೋಡಿಕೊಳ್ಳಿ. ಭಾರತದಲ್ಲಿ 75 ವರ್ಷ ದಾಟಿದ, ಸಾಹಿತ್ಯಕವಾಗಿ ಮುಖ್ಯವಾದ ಕೈಬರಹದ ದಾಖಲೆ 1972ರ ಕಾಯಿದೆಯಂತೆ ಪ್ರಾಚೀನ ವಸ್ತುವಿನ ಸಾಲಿಗೆ ಸೇರುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಕೊಡುವುದಾದರೆ ಬಾಯಿಮಾತಿನಲ್ಲಿ ಕೊಡಬೇಡಿ. ಕೆಲವನ್ನು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಸಂಗ್ರಹವನ್ನು ಒಂದೇ ಕಡೆ, ನಿಮ್ಮ ತಾತನ ಹೆಸರಲ್ಲಿ ಇಡುತ್ತೀರಾ? ಪಟ್ಟಿ ಎಷ್ಟು ದಿನದಲ್ಲಿ ಮಾಡುತ್ತೀರಿ? ಮುಚ್ಚಿಟ್ಟ ಪತ್ರಗಳ ಷರತ್ತು ಪಾಲಿಸುತ್ತೀರಾ? ನಮಗೆ ಸ್ಕ್ಯಾನ್ ಪ್ರತಿ ಕೊಡುತ್ತೀರಾ? ಮುಂದೆ ಬೇಡವೆಂದರೆ ನಮಗೇ ಹಿಂತಿರುಗಿಸುತ್ತೀರಾ? ಹೋಗಿ ಅವರ ದಾಸ್ತಾನು ಕೋಣೆಯನ್ನು ಕಣ್ಣಾರೆ ನೋಡಿ ಬನ್ನಿ. ಗೋಡೆ ಒದ್ದೆಯಿದ್ದರೆ, ಪೆಟ್ಟಿಗೆಗಳು ನೆಲದ ಮೇಲಿದ್ದರೆ, ಎಷ್ಟೇ ದೊಡ್ಡ ಹೆಸರಿನ ಸಂಸ್ಥೆಯಾದರೂ ಕೊಡುವ ಮುಂಚೆ ಇನ್ನೊಮ್ಮೆ ಯೋಚಿಸಿ. ಮನೆಯಲ್ಲೇ ಇಟ್ಟುಕೊಳ್ಳುವುದು ಕೂಡ ಗೌರವದ ಆಯ್ಕೆಯೇ. ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ಉತ್ತರ ಇದ್ದರೆ ಮಾತ್ರ.

ಇದಕ್ಕೆಲ್ಲ ಸಮಯ ಇದೆ. ಸಮಯ ಇಲ್ಲದ್ದು ಒಂದೇ: ಆ ಕಾಲ ನೋಡಿದ ಹಿರಿಯರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಈ ತಿಂಗಳೇ ಅವರ ಮುಂದೆ ಕೂತುಕೊಳ್ಳಿ. ಪತ್ರಗಳಲ್ಲಿ ಅಡ್ಡಹೆಸರುಗಳಿರುತ್ತವೆ, 'ನಿಮ್ಮ ಆ ಸ್ನೇಹಿತರು' ಎಂಬಂಥ ಮಾತುಗಳಿರುತ್ತವೆ. ಯಾರು ಅಂತ ಹೇಳಬಲ್ಲವರು ಅವರೊಬ್ಬರೇ. ಪತ್ರದ ನಂಬರ್ ಹೇಳಿ, ಓದಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ.

ಇನ್ನೊಂದು, ನೀವು ಕೇಳದೇ ಇದ್ದದ್ದು. ನಿಮ್ಮಲ್ಲಿರುವುದು ಬಂದ ಪತ್ರಗಳು. ತಾತ ಬರೆದವು ಎಲ್ಲಿ? ಡಿಕಿನ್ಸನ್‌ರಿಗೆ ಬಂದ ಪತ್ರಗಳನ್ನು ಅವರು ತೀರಿಕೊಂಡ ಮೇಲೆ ತಂಗಿ ಸುಟ್ಟರು. ಎಲಿಯಟ್ ತಮಗೆ ಹೇಲ್ ಬರೆದವನ್ನು ಸುಡಿಸಿದರು. ನಿಮ್ಮ ತಾತನವು ಇನ್ನೂ ಉಳಿದಿರಬಹುದು. ಆ ಇಬ್ಬರು ಲೇಖಕರ ಮನೆಗಳಲ್ಲಿ, ಇಲ್ಲವೇ ಅವರ ಕಾಗದಪತ್ರ ಸೇರಿರುವ ಗ್ರಂಥಾಲಯದಲ್ಲಿ ಅವು ಬಿದ್ದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ದೊಡ್ಡ ಹೆಸರಿನವರಲ್ಲ ಅಂತ ಅವಕ್ಕೆ ಇನ್ನೂ ಪಟ್ಟಿಯೂ ಆಗಿರಲಿಕ್ಕಿಲ್ಲ. ಪ್ರಕಟಣೆಯ ಒಪ್ಪಿಗೆ ಕೇಳಲು ಆ ಕುಟುಂಬಗಳಿಗೆ ಬರೆಯುವಾಗಲೇ ಇದನ್ನೂ ಕೇಳಿ. ನೀವು ಮಾಡಿದ ಪಟ್ಟಿಯ ಒಂದು ಪ್ರತಿ ಜೊತೆಗಿಡಿ. ಯಾವ ತಾರೀಕಿನ ಪತ್ರಕ್ಕೆ ಉತ್ತರ ಬೇಕು ಅನ್ನುವುದು ಅದರಲ್ಲಿ ಕಂಡರೆ ಅವರಿಗೆ ಹುಡುಕುವುದು ಸುಲಭ.